ಸೂರ್ಯನ ಹಾಜರಿ ಪುಸ್ತಕ

ಸೂರ್ಯ ದಿನಾ ಹುಟ್ಟುತ್ತಾನೆ ಎಂಬುದನ್ನು ಬೈರಾಪಟ್ಟಣದಲ್ಲಿ ಎಲ್ಲರೂ ಒಪ್ಪುತ್ತಾರೆ, ನಮ್ಮ ದೊಡ್ಡಪ್ಪ ಒಬ್ಬರನ್ನು ಬಿಟ್ಟು. ಅವರಿಗೆ ಪುರಾವೆ ಬೇಕು! ಬೆಳಿಗ್ಗೆ ಒಂಬತ್ತು ಗಂಟೆಗೆ ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಸೂರ್ಯ ಬಂದಿದ್ದಾನೋ ಇಲ್ಲವೋ, ಬಂದಿದ್ದರೆ ಮುಖ ತೊಳೆದುಕೊಂಡು ಬಂದಿದ್ದಾನೋ ಮಸಿ ಮೆತ್ತಿಕೊಂಡು ಬಂದಿದ್ದಾನೋ ನೋಡಿ, ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕದಲ್ಲಿ ಬರೆದ ಮೇಲೆಯೇ ಅವರ ಪಾಲಿಗೆ ಬೆಳಗಾಗುತ್ತಿದ್ದದ್ದು. ಮಕ್ಕಳ ಹಾಜರಿ ಹಾಕುವ ಮೇಷ್ಟ್ರನ್ನು ನೀವು ನೋಡಿದ್ದೀರಿ. ಸೂರ್ಯನ ಹಾಜರಿ ಹಾಕುವವರನ್ನು ನೋಡಿದ್ದೀರಾ?

ಇದು ಹುಚ್ಚಲ್ಲ, ನೌಕರಿ. ಅಂದರೆ, ನಿವೃತ್ತಿಯಾದ ಮೇಲೂ ಮೈಬಿಡದ ನೌಕರಿ. ತಮಿಳು ಸೀಮೆಯ ಎತ್ತರದ ಬೆಟ್ಟವೊಂದರ ಮೇಲೆ ಸೂರ್ಯನನ್ನು ನೋಡುವುದಕ್ಕೆಂದೇ ಕಟ್ಟಿದ ವೀಕ್ಷಣಾಲಯವಿದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ಬರ ಬಂದು ಜನ ಸತ್ತಾಗ, ಸೂರ್ಯನ ಮೈಮೇಲಿನ ಕಪ್ಪು ಕಲೆಗಳಿಗೂ ನಮ್ಮ ಮಳೆಗೂ ಏನಾದರೂ ನಂಟಿರಬಹುದೇ ಎಂದು ದೊಡ್ಡವರಿಗೆ ಅನುಮಾನ ಬಂತಂತೆ. ಅದನ್ನು ತಿಳಿಯಲು ದೂಳಿಲ್ಲದ ಬೆಟ್ಟ ಹುಡುಕಿ, ದೂರದರ್ಶಕವನ್ನು ಮೇಲಕ್ಕೆ ಹೊರಿಸಿದರು. ಅಂದಿನಿಂದ ಇಂದಿನವರೆಗೆ, ಆಕಾಶ ತಿಳಿಯಾಗಿರುವ ಪ್ರತಿ ದಿನ ಅಲ್ಲಿ ಸೂರ್ಯನ ಫೋಟೊ ತೆಗೆಯುತ್ತಾರೆ. ನೂರು ವರ್ಷ ದಾಟಿಹೋಯಿತು. ಮಳೆಯ ಗುಟ್ಟು ಸಿಕ್ಕಿತೇ ಎಂದು ಒಮ್ಮೆ ಕೇಳಿದ್ದೆ. "ಇನ್ನೂ ನೋಡ್ತಾವ್ರೆ," ಎಂದರು ದೊಡ್ಡಪ್ಪ.

ಅಲ್ಲಿ ಅವರೇನೂ ವಿಜ್ಞಾನಿಯಲ್ಲ. ಹತ್ತನೇ ಕ್ಲಾಸು ಮುಗಿಸಿ ಕನ್ನಡಿ ಒರೆಸಲು ಸೇರಿದವರು. ಆಮೇಲೆ ಗುಮ್ಮಟದ ಬಾಗಿಲು ತೆರೆಯುವುದು, ಗಾಜಿನ ಹಲಗೆಯ ಮೇಲೆ ತೆಗೆದ ಫೋಟೊಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆಯುವುದು, ಕೊನೆಗೆ ದಿನದಿನದ ಪುಸ್ತಕ ಬರೆಯುವುದು. ಮದುವೆ ಯಾಕೆ ಆಗಲಿಲ್ಲ ಎಂದು ಅವ್ವ ಕೆಣಕಿದರೆ, ಯಾವ ಮುಹೂರ್ತ ಬಂದರೂ ಬೆಳಿಗ್ಗೆ ಒಂಬತ್ತಕ್ಕೇ ಬರುತ್ತಿತ್ತು, ಆ ಹೊತ್ತಿಗೆ ಡ್ಯೂಟಿ ಇರುತ್ತಿತ್ತು ಎನ್ನುತ್ತಿದ್ದರು.

ನಿವೃತ್ತಿಯಾಗಿ ಊರಿಗೆ ಬರುವಾಗ ಎಲ್ಲರೂ ಪಾತ್ರೆ ಪಡಗ ತಂದರೆ ಇವರು ಎರಡು ಮಸೂರ ತಂದರು. ಚನ್ನಪಟ್ಟಣದ ಗೊಂಬೆ ಮಾಡುವವನೊಬ್ಬನ ಹತ್ತಿರ ಹೋಗಿ, ಹಾಲೆ ಮರದಲ್ಲಿ ಅವಕ್ಕೊಂದು ಕೊಳವೆ ಕಡೆಸಿದರು. ಆತ ಕೈ ಸುಮ್ಮನಿರಲಾರದೆ ಅದಕ್ಕೆ ಹಳದಿ, ಕೆಂಪು, ಹಸಿರು ಅರಗು ಹಾಕಿಬಿಟ್ಟ. ಹೀಗಾಗಿ ನಮ್ಮ ವೀಕ್ಷಣಾಲಯ ನೋಡುವುದಕ್ಕೆ ಥೇಟ್ ಮಕ್ಕಳ ಗಿಲಕಿ! ಅದರ ಕೆಳಗೆ ಬಿಳಿ ಹಾಳೆ ಹಿಡಿದರೆ ಹಪ್ಪಳದಗಲ ಸೂರ್ಯ ಬೀಳುತ್ತಾನೆ. ಸೂರ್ಯನನ್ನು ನೇರವಾಗಿ ನೋಡಬಾರದು, ಬಿದ್ದ ಬಿಂಬವನ್ನು ನೋಡಬೇಕು. ಅಂಚಿನ ಗುಂಟ ಪೆನ್ಸಿಲ್ಲಿನಿಂದ ವೃತ್ತ ಬರೆದು, ಕಲೆಗಳಿದ್ದಲ್ಲಿ ಚುಕ್ಕಿ ಇಟ್ಟರೆ ಆ ದಿನದ ಕೆಲಸ ಮುಗಿಯಿತು.

ಬೆಟ್ಟದ ಮೇಲೆ ಆಕಾಶ ನೋಡುತ್ತಿದ್ದವರು ಎಂದರೆ ಊರು ಬಿಟ್ಟೀತೇ? ಜಾತಕ ಹಿಡಿದು ಬಂದರು, ಸಾಡೇಸಾತಿ ಯಾವಾಗ ಬಿಡುತ್ತದೆ ಎಂದು ಕೇಳಿದರು. ಶನಿ ನಮ್ಮ ಸೆಕ್ಷನ್ ಅಲ್ಲ ಎಂದು ದೊಡ್ಡಪ್ಪ ವಾಪಸು ಕಳಿಸಿದರು. ನಕ್ಷತ್ರಗಳ ಹೆಸರು ಕೇಳಿದರೂ ಅದೇ ಉತ್ತರ. ಅವು ರಾತ್ರಿ ಪಾಳಿಯವರಿಗೆ ಸೇರಿದವು!

ಇದರಿಂದ ಪೆಟ್ಟು ಬಿದ್ದಿದ್ದು ನನಗೆ. ನನ್ನನ್ನು ನೋಡಲು ತಿಪ್ಪಸಂದ್ರದ ಕಡೆಯಿಂದ ಗಂಡಿನವರು ಬಂದರು. ದೊಡ್ಡಪ್ಪ ಅಂಗಳದಲ್ಲಿ ಹಾಳೆಯ ಮೇಲೆ ಬಗ್ಗಿದ್ದರು. ಹುಡುಗನ ತಂದೆ ಕಾಲು ತೊಳೆಯುತ್ತಾ, ಮಾತಿಗೆ ಇರಲಿ ಎಂದು, "ಎಲ್ಲಾ ಚೆಂದಾಗೈತಾ ಯಜಮಾನ್ರೇ?" ಎಂದರು. ದೊಡ್ಡಪ್ಪ ತಲೆ ಎತ್ತಲಿಲ್ಲ.

"ಎಲ್ಡು ಕಲೆ ಐತೆ. ಒಂದು ದೊಡ್ಡದು, ನಟ್ಟನಡುವೆ. ಇನ್ನೊಂದು ಅಂಚಿಗೈತೆ. ಮುಚ್ಚಿಡೋದೇನು, ದಿನಾ ಬರ್ಕಂಡೇ ಬತ್ತಾವ್ನಿ."

ಅವರು ಗಾಬರಿಯಾಗಿ, ಹಬ್ಬುತ್ತದೆಯೇ ಎಂದು ಕೇಳಿದರು.

"ಈಗ ಹಬ್ಬೋ ಕಾಲ. ಹನ್ನೊಂದು ವರ್ಸಕ್ಕೊಂದು ಸರ್ತಿ ಜಾಸ್ತಿ ಆಯ್ತದೆ. ಆಮೇಕೆ ತಾನೇ ಇಳೀತದೆ."

ಉಪ್ಪಿಟ್ಟು ಹಾಗೇ ಉಳಿಯಿತು. ಬಂದ ಕಾರು ಬಂದ ದಾರಿ ಹಿಡಿಯಿತು. ಅವ್ವ ಒಂದು ತಿಂಗಳು ದೊಡ್ಡಪ್ಪನ ಹತ್ತಿರ ಮಾತು ಬಿಟ್ಟರು. ದೊಡ್ಡಪ್ಪನಿಗೋ, ತಾವು ಹೇಳಿದ್ದರಲ್ಲಿ ತಪ್ಪೇನು ಎಂದೇ ತಿಳಿಯದು; ಪುಸ್ತಕ ತೆರೆದು ಆ ಎರಡು ಕಲೆ ತೋರಿಸಿದರು. ನನಗೆ ಬೇಸರವೇನೂ ಆಗಲಿಲ್ಲ, ಆ ಹುಡುಗನ ಮೀಸೆ ನನಗೆ ಹಿಡಿಸಿರಲಿಲ್ಲ. ಮುಂದೆ ನಮ್ಮ ಬೈರಾಪಟ್ಟಣದಲ್ಲೇ, ಎರಡು ಬೀದಿ ಆಚೆಯ ಮನೆಗೆ ಸೊಸೆಯಾದೆ. ಆ ಮನೆಯವರಿಗೆ ದೊಡ್ಡಪ್ಪನ ಕಲೆ ಯಾವುದು ಎಂದು ಮೊದಲೇ ಗೊತ್ತಿತ್ತು.

ಅವರ ಪುಸ್ತಕಕ್ಕೆ ಒಂದು ಕಟ್ಟುನಿಟ್ಟಿದೆ. ಒಂದು ದಿನವೂ ಖಾಲಿ ಬಿಡುವಂತಿಲ್ಲ. ಸೂರ್ಯ ಕಾಣದಿದ್ದರೆ ‘ಮೋಡ’ ಎಂದಾದರೂ ಬರೆಯಬೇಕು. ಖಾಲಿ ಬಿಟ್ಟರೆ, ನೂರು ವರ್ಷ ಕಳೆದು ನೋಡುವವನಿಗೆ ಅಂದು ಸೂರ್ಯನಿರಲಿಲ್ಲವೋ, ನಾವಿರಲಿಲ್ಲವೋ ತಿಳಿಯುವುದು ಹೇಗೆ? ಬೆಟ್ಟದಿಂದ ಯಾರೂ ಈ ಪುಸ್ತಕವನ್ನು ಕೇಳಿರಲಿಲ್ಲ, ಕೇಳುವುದೂ ಇಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಅವರ ಜನ್ಮದಲ್ಲಿ ಸಂಪಾದಿಸಿದ್ದು ಎಂದು ಇದ್ದದ್ದು ಆ ತಪ್ಪದ ಸಾಲು ಒಂದೇ.

ಹಾಗಿರುವಾಗ ಅವರ ಕಣ್ಣಿಗೆ ಪೊರೆ ಬಂತು. ರಾಮನಗರದಲ್ಲಿ ಆಪರೇಷನ್ನು, ಆಮೇಲೆ ಅಲ್ಲೇ ಅವರ ತಂಗಿ, ನನ್ನ ಸೋದರತ್ತೆಯ ಮನೆಯಲ್ಲಿ ವಿಶ್ರಾಂತಿ, ಒಟ್ಟು ಎಂಟು ದಿನ. ಹೊರಡುವ ಮುಂಚೆ ನನ್ನನ್ನು ಕರೆದು, ಪುಸ್ತಕ ಕೈಗಿಟ್ಟು, ಹತ್ತು ನಿಮಿಷದ ಕೆಲಸ ಕಣವ್ವ, ತಪ್ಪಿಸಬೇಡ ಎಂದರು. ನಾನು ಆಗಲಿ ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ನನ್ನ ಗಂಡನ ಮನೆಯಲ್ಲಿ ರೇಷ್ಮೆ. ಹುಳು ಆಗ ತಾನೇ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಚರ್ಮ ಕಳಚುವ ನಿದ್ದೆ, ಮುಗಿಸಿ ಎದ್ದಿತ್ತು. ಆ ಜ್ವರ ಎದ್ದ ಹುಳುವಿನ ಹಸಿವು ಸಾಕಿದವರಿಗೇ ಗೊತ್ತು, ಸೊಪ್ಪು ಹಾಕಿ ಬೆನ್ನು ತಿರುಗಿಸುವುದರೊಳಗೆ ಬರೀ ಕಡ್ಡಿ. ಮೊದಲ ದಿನ ಹೋಗಲಾಗಲಿಲ್ಲ. ಎರಡನೇ ದಿನ ಹೋಗುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಆಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿ. ದೊಡ್ಡಪ್ಪ ಬರುವ ದಿನ ಬೆಳಿಗ್ಗೆ ಓಡಿಹೋಗಿ ಪುಸ್ತಕ ತೆರೆದರೆ ಎಂಟು ಸಾಲು ಖಾಲಿ. ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ಎಂಟು ಸಲ ‘ಮೋಡ’ ಎಂದು ಬರೆದೆ.

ಅದೂ ಯಾವಾಗ? ಫಾಲ್ಗುಣ ಮಾಸದಲ್ಲಿ! ಕಾಗೆ ನೆರಳು ಹುಡುಕುವ ಬಿಸಿಲಿನಲ್ಲಿ! ಸುಳ್ಳು ಹೇಳುವುದಕ್ಕೂ ಒಂದು ಲಕ್ಷಣ ಬೇಡವೇ?

ದೊಡ್ಡಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಂದವರೇ ಪುಸ್ತಕ ನೋಡಿದರು.

"ಎಂಟು ದಿನಾನೂ ಮೋಡವಾ ಮಗ?"

"ಹೂಂ ದೊಡ್ಡಪ್ಪ. ಎಂಟು ದಿನಾನೂ."

"ಸರಿ ಬುಡು," ಎಂದರು. ಅಷ್ಟೆ. ಮರುದಿನದಿಂದ ಬಂದವರಿಗೆಲ್ಲ, ನಮ್ಮ ಹುಡುಗಿ ಒಂದು ದಿನಾನೂ ಖಾಲಿ ಬಿಟ್ಟಿಲ್ಲ ಎಂದು ಹೇಳಿಕೊಂಡು ತಿರುಗಿದರು. ಮುದುಕ ನಂಬಿಬಿಟ್ಟ ಎಂದು ನಾನು ಒಳಗೊಳಗೇ ನಕ್ಕೆ. ಆ ನಗೆಯನ್ನು ನೆನೆದರೆ ಇವತ್ತು ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಪೊರೆ ತೆಗೆದರೂ ಕಣ್ಣು ಉಳಿಯಲಿಲ್ಲ. ಒಳಗಿನ ನರ ಒಣಗುತ್ತಿದೆ, ಇದು ಮನೆತನದ ಕಾಯಿಲೆ, ಇವರ ತಾಯಿಗೂ ಇದ್ದಿರಬೇಕು ಎಂದರು ಡಾಕ್ಟರು. ಸೂರ್ಯನನ್ನು ನೋಡಿ ನೋಡಿ ಹಾಳು ಮಾಡಿಕೊಂಡ ಎಂದು ಊರು ತೀರ್ಪು ಕೊಟ್ಟಿತು. ಎರಡು ವರ್ಷದಲ್ಲಿ ಹಾಳೆಯ ಮೇಲಿನ ಸೂರ್ಯ ಅವರಿಗೆ ಕಾಣದಾದ. ಈ ಯುಗಾದಿಯಿಂದ ನಾನೇ ಬೆಳಿಗ್ಗೆ ಹೋಗಿ ಹಾಳೆ ಹಿಡಿಯುತ್ತೇನೆ, ಅವರು ಪಕ್ಕದಲ್ಲಿ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಾರೆ.

ಹೋದ ವಾರ ಒಂದು ದೊಡ್ಡ ಗುಂಪು ಕಲೆಗಳು ಬಂದವು. ಇಂಥದ್ದನ್ನು ಅವರು ಹೇಗೆ ಬರೆಯುತ್ತಿದ್ದರು ಎಂದು ನೋಡಲು ಹಳೆಯ ಪುಸ್ತಕ ತೆಗೆದೆ. ಹಾಳೆ ತಿರುವುತ್ತಾ ಆ ಫಾಲ್ಗುಣ ಬಂತು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ತಪ್ಪಿದ್ದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಮಾಡಬೇಕು, ಇದು ಬೆಟ್ಟದ ಪದ್ಧತಿ. ನನ್ನ ಎಂಟು ‘ಮೋಡ’ಗಳು ಹಾಗೇ ಇದ್ದವು. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ, ಆಪರೇಷನ್ನಾದ ಕಣ್ಣಿನ ಓರೆಕೋರೆ ಅಕ್ಷರದಲ್ಲಿ, ಎಂಟು ಸಲವೂ ಒಂದೇ ಮಾತಿತ್ತು: ‘ಬಿಸಿಲಿತ್ತು. ಮಗಳಿಗೆ ಪುರುಸೊತ್ತಿರಲಿಲ್ಲ.’

ರಾಮನಗರದ ಅತ್ತೆಗೆ ಫೋನು ಮಾಡಿ ಕೇಳಿದೆ. ಆ ಎಂಟು ದಿನವೂ ಒಂಬತ್ತು ಗಂಟೆಗೆ ಕಿಟಕಿಯಿಂದ ಕೈ ಆಚೆ ಚಾಚಿ, ಬಿಸಿಲು ತಾಗುತ್ತಿದೆಯೇ ನೋಡಿ, ಔಷಧಿ ಚೀಟಿಯ ಹಿಂದೆ ಅವಳ ಕೈಲಿ ಬರೆಸುತ್ತಿದ್ದರಂತೆ. ಫೋನಿಟ್ಟು ತುಂಬಾ ಹೊತ್ತು ಅಳುತ್ತಾ ಕೂತೆ. ಬೈದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ನಿಜವಾಗಿಯೂ ಮೋಡ. ಹಾಳೆಯ ಮೇಲೆ ಏನೂ ಬೀಳಲಿಲ್ಲ. ಪೆನ್ನು ಹಿಡಿದರೆ ಆ ಎರಡಕ್ಷರ ಬರೆಯಲು ಕೈ ಏಳಲೊಲ್ಲದು.

"ಏನೈತೆ ಮಗ?"

"ಮೋಡ ದೊಡ್ಡಪ್ಪ," ಎಂದೆ. "ನಿಜವಾಗ್ಲೂ ಮೋಡ."

"ಹಂಗಾರೆ ಬರ್ದುಬುಟ್ಟು ಹೋಗವ್ವ. ಮನೇಲಿ ನಿಂಗೆ ಕೆಲ್ಸ ಐತೆ."

"ಇಲ್ಲ ದೊಡ್ಡಪ್ಪ. ಪುರ್ಸೊತ್ತೈತೆ. ಕಾಯ್ತೀನಿ."

ಅವರು ಗೋಡೆ ತಡವಿಕೊಂಡು, ಜಗಲಿಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.