ಬೀಗರ ತೋಟಕ್ಕೆ ಬಚ್ಚಲ ನೀರು

ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಈ ಮಹಾಸತ್ಯವನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಕೂಗಿ ಹೇಳುತ್ತಿದ್ದುದನ್ನು, ಕನ್ನಡ ಮೇಷ್ಟ್ರಾದ ನಾನು ಗೋಡೆಯ ಈಚೆಯಿಂದ ಮೂವತ್ತು ವರ್ಷ ಕೇಳಿದ್ದೇನೆ. ಅವರು ಹೇಳದೆ ಬಿಟ್ಟ ನಾಲ್ಕನೆಯ ಗುಣವೊಂದಿದೆ. ಅದು ನಿವೃತ್ತನಾದ ಮೇಲೆ ತಿಳಿಯಿತು. ನೀರಿಗೆ ಬೀಗರಿರುತ್ತಾರೆ.

ನನ್ನ ಬೀಗರಾದ ಗುರುಮಲ್ಲಪ್ಪನವರು ಇರುವುದು ತಿ. ನರಸೀಪುರದಲ್ಲಿ, ನಾನಿರುವುದು ನಂಜನಗೂಡಿನಲ್ಲಿ. ನಮ್ಮೂರನ್ನು ದಾಟಿದ ಕಪಿಲೆ ಅವರೂರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಮಗಳನ್ನು ಕೊಡುವಾಗ ಮನೆತನ, ಜಾತಕ, ಹುಡುಗನ ಹಲ್ಲು ಎಲ್ಲವನ್ನೂ ನೋಡಿದ ನಾನು ಹೊಳೆ ಯಾವ ಕಡೆಗೆ ಹರಿಯುತ್ತದೆಂದು ನೋಡಲಿಲ್ಲ. ಲೋಕದಲ್ಲಿ ಹೆಣ್ಣು ಕೊಟ್ಟವನು ತಗ್ಗಿನಲ್ಲಿರಬೇಕು; ಇಲ್ಲಿ ಕೊಟ್ಟವನು ಮೇಲೆ, ತಂದುಕೊಂಡವರು ಕೆಳಗೆ. ಈ ಅಪಚಾರವನ್ನು ಅವರು ಕ್ಷಮಿಸಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಲೋಟ ಎತ್ತಿ ಹಿಡಿದು, "ನೀವು ಮಿಂದು ಬುಟ್ಟ ನೀರೇ ಕಣ್ರೀ ಬೀಗ್ರೇ ನಾವು ಕುಡಿಯೋದು" ಎನ್ನುತ್ತಾರೆ. ನಾನು ಸ್ನಾನಕ್ಕೆ ಹೊಳೆಗೆ ಹೋಗುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತೆಂದರೆ, "ಅಯ್ಯೋ, ಇಪ್ಪತ್ತು ವರ್ಸದಿಂದ ಸ್ನಾನಾನೇ ಇಲ್ವಾ?" ಎಂದು ನನ್ನ ಹೆಂಡತಿಯ ಕಡೆಗೆ ಮರುಕದಿಂದ ನೋಡುತ್ತಾರೆ.

ಇಂಥ ಎರಡು ಊರುಗಳು ನೀರಿನ ವಿಷಯದಲ್ಲಿ ಒಂದಾಗಲು ಹೊರಟವು. ಏರ್ಪಾಡು ಸರಳವಾಗಿತ್ತು. ನಂಜನಗೂಡಿನ ಮನೆಗಳಿಂದ ಹೊರಬೀಳುವ ಕೊಳೆನೀರನ್ನು ಹೊಳೆಗೆ ಬಿಡದೆ, ಸೋಸಿ, ಶುದ್ಧಮಾಡಿ, ಕೊಳವೆಯಲ್ಲಿ ನರಸೀಪುರದ ಅಂಚಿನ ತೋಟಗಳಿಗೆ ಕೊಡುವುದು. ಬದಲಿಗೆ ತೋಟದವರು ತಮ್ಮ ಬೋರ್‌ವೆಲ್ ನೀರನ್ನು ನರಸೀಪುರದ ಟ್ಯಾಂಕಿಗೆ ಬಿಟ್ಟುಕೊಡುವುದು. ನಮಗೆ ಹೊಳೆ ಕೆಡಿಸಿದ ಪಾಪ ತಪ್ಪಿತು, ಅವರ ನಲ್ಲಿಗೆ ನೀರು ಬಂತು. ಬೇಸಿಗೆಯಲ್ಲಿ ನನ್ನ ಮಗಳ ಬೀದಿಗೆ ನೀರು ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ. ಆ ದಿನ ಅವಳು ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೂ ಮಾತಿನ ಬದಲು ಬಿಂದಿಗೆಯ ಸದ್ದು ಕೇಳಿಸುತ್ತಿತ್ತು. ಆದ್ದರಿಂದ ಈ ಕೆಲಸ ಕೈಗೂಡಬೇಕೆಂದು ನನಗೆ ಮನಸಾರೆ ಆಸೆಯಿತ್ತು. ಆದರೆ ಕೊಳವೆಗೆ ಮೊದಲು ಸಿಗುವುದು ಬೀಗರ ಬಾಳೆತೋಟ. ಅವರು ಒಪ್ಪಿಗೆಪತ್ರಕ್ಕೆ ರುಜು ಹಾಕಿದರೆ ಹಿಂದಿನ ತೋಟದವರೆಲ್ಲ ಹಾಕುತ್ತಾರೆ. ಹಾಕದಿದ್ದರೆ ಕೊಳವೆ ಅಲ್ಲಿಗೇ ನಿಲ್ಲುತ್ತದೆ.

ಕೆಲಸದ ಮೇಲ್ವಿಚಾರಣೆಗೆ ಬಂದಿದ್ದ ಇಂಜಿನಿಯರಮ್ಮ ಒಂದು ದಿನ ನಮ್ಮ ಮನೆಗೆ ಬಂದು, ಜನರಿಗೆ ತಿಳಿಸುವ ಒಕ್ಕಣೆಯನ್ನು ಮುಂದಿಟ್ಟು, "ಕನ್ನಡ ಸರಿಯಾಗಿದೆಯಾ ನೋಡಿ ಸಾರ್" ಎಂದರು. ಸರಿಯಾಗಿಯೇ ಇತ್ತು. 'ಸಂಸ್ಕರಿಸಿದ ನೀರು ತೋಟಗಳಿಗೆ ಲಭ್ಯ' ಎಂದಿತ್ತು. ಆದರೆ ಸರಿಯಾಗಿರುವುದನ್ನು ತಿದ್ದುವುದು ನನ್ನ ಹಳೆಯ ಕಾಯಿಲೆ. ಮಗಳ ಲಗ್ನಪತ್ರಿಕೆಯಲ್ಲಿ ಬೀಗರು 'ಸಕುಟುಂಬ ಸಪರಿವಾರ ಸಮೇತರಾಗಿ' ಎಂದು ಬರೆಸಿದ್ದರು. ಇಷ್ಟೊಂದು 'ಸ' ಏಕೆಂದು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅಚ್ಚಿನವನು ಮೂರನ್ನೂ ಕಿತ್ತುಹಾಕಿದ. ಅವರ ಕಡೆಯ ನೆಂಟರು ಹೆಂಡತಿ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಒಬ್ಬೊಬ್ಬರೇ ಬಂದು, ಉಂಡು, ಮುಖ ಊದಿಸಿಕೊಂಡು ಹೋದರು. ಇಷ್ಟಾದರೂ ಬುದ್ಧಿ ಬರಲಿಲ್ಲ. ಇಂಜಿನಿಯರಮ್ಮನ ವಾಕ್ಯ ಒಣಕಲಾಗಿ ಕಂಡಿತು. 'ಸಂಸ್ಕಾರ ಮುಗಿಸಿದ ಪುಣ್ಯಜಲ ತಮ್ಮ ತೋಟದ ಬಾಗಿಲಿಗೆ' ಎಂದು ತಿದ್ದಿಕೊಟ್ಟೆ. ಪಾಪ, ಅವರು ಹಿರಿಯರೆಂಬ ಗೌರವದಿಂದ ಹಾಗೆಯೇ ನಂಜನಗೂಡಿನಲ್ಲೊಂದು, ಬೀಗರ ತೋಟದ ಎದುರಿಗೊಂದು ತಗಡಿನ ಬೋರ್ಡು ಬರೆಸಿ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಬೀಗರ ಫೋನು. ಗಾಬರಿಯ ದನಿ. "ಬೀಗ್ರೇ, ಯಾರು ಓದ್ರು?"

ನನ್ನ ಸಾಹಿತ್ಯಸೇವೆಗೆ ಓದುಗರು ಎಷ್ಟೆಂದು ವಿಚಾರಿಸುತ್ತಿದ್ದಾರೆಂದು ಎದೆಯುಬ್ಬಿತು. "ನಮ್ಮೂರಲ್ಲಿ ಎಲ್ರೂ ಓದಿ ಆಯ್ತು. ಇನ್ನು ನಿಮ್ಮೂರೋರು ಓದ್ಬೇಕು ಅಷ್ಟೆ" ಎಂದೆ.

"ಶಿವ ಶಿವಾ! ಎಲ್ರೂವೆಯಾ?"

ಬೀಗರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವೆಂಬುದು ಆಗ ನೆನಪಾಯಿತು. ಅವರು ಕೇಳಿದ್ದು ಯಾರು 'ಹೋದರು' ಎಂದು. ಬಿಡಿಸಿ ಹೇಳಿದ ಮೇಲೆ ಗಾಬರಿ ಇಳಿಯಿತು, ಸಿಟ್ಟು ಏರಿತು. "ಅಲ್ಲಾ ಕಣ್ರೀ, ಸಂಗಮದಲ್ಲಿ ದಿನಾ ಬೂದಿ ಬುಡೋರ್ನ ನೋಡ್ತಾ ಕೂತಿರೋ ಊರು ನಮ್ದು. ಸಂಸ್ಕಾರ ಮುಗಿಸಿದ ನೀರು ಅಂದ್ರೆ ನಮ್ಗೆ ಒಂದೇ ಅರ್ಥ. ಆ ನೀರ್ನ ಬಾಳೆಗೆ ಬುಟ್ರೆ ನನ್ನ ಬಾಳೆಣ್ಣ ಯಾರು ತಿಂತಾರೆ, ನೀವಾ? ನಾನಂತೂ ರುಜು ಆಕಾಕಿಲ್ಲ, ಓಗಿ!" ಎಂದು ಫೋನ್ ಇಟ್ಟರು. ಹಿಂದೆಯೇ ಮಗಳ ಫೋನು. "ಅಪ್ಪಾ, ನೀನು ಇನ್ನು ಏನೂ ಬರೀಬೇಡ" ಎಂದಳು. ಹಿನ್ನೆಲೆಯಲ್ಲಿ ಬಿಂದಿಗೆಯ ಸದ್ದಿತ್ತು.

ಭಾನುವಾರ ನಾನು, ನನ್ನ ಹೆಂಡತಿ, ಇಂಜಿನಿಯರಮ್ಮ ಮೂವರೂ ಬೀಗರ ತೋಟಕ್ಕೆ ಹೋದೆವು. ಇಂಜಿನಿಯರಮ್ಮ ಆ ನೀರನ್ನೇ ಒಂದು ಬಾಟಲಿಯಲ್ಲಿ ತಂದಿದ್ದರು. ಬೀಗರು ಬಿಸಿಲಿಗೆ ಹಿಡಿದು ನೋಡಿ, "ಕಣ್ಣಿಗೇನೋ ಚೆನ್ನಾಗದೆ. ಎಸ್ರು ಕೇಳುದ್ರೆ ಮೈ ಜುಂ ಅಂತದೆ" ಎಂದು ದನಿ ಏರಿಸಿದರು. ನಾನು ಸಂಸ್ಕಾರ ಎಂಬ ಶಬ್ದದ ವ್ಯುತ್ಪತ್ತಿಯನ್ನು ವಿವರಿಸಲು ಗಂಟಲು ಸರಿಮಾಡಿಕೊಂಡೆ. ಹೆಂಡತಿ ನನ್ನ ಕಾಲು ತುಳಿದಳು.

ಅಷ್ಟರಲ್ಲಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಬೀಗರ ತಾಯಿ ಪುಟ್ಟತಾಯಮ್ಮನವರು, "ಅದ್ಯಾಕ್ಲಾ ಗುರುಮಲ್ಲ, ಬೀಗ್ರ ಮೇಲೆ ಅಂಗೆ ಕಿರುಚ್ತಿದ್ದೀಯೆ? ಅದೇನ್ ನೀರು?" ಎಂದರು.

"ನಂಜನಗೂಡಿನ ಮನೆ ಮನೆ ಕೊಳೆನೀರಂತೆ ಕಣವ್ವ. ತೊಳೆದು, ಸೋಸಿ ಕೊಡ್ತಾರಂತೆ, ಬಾಳೆಗೆ."

ಅಜ್ಜಿ ಎಲೆಯ ತೊಟ್ಟು ಮುರಿದು ಬಿಸಾಡಿದರು. "ಬಚ್ಚಲ ನೀರು ಅನ್ನು. ನಮ್ಮ ಇತ್ತಲಲ್ಲಿ ಬಚ್ಚಲ ನೀರು ಕುಡ್ಕಂಡು ಬೆಳೆದ ಬಾಳೆಣ್ಣು ತಿಂದೇ ಕಣ್ಲಾ ನೀನು ಇಷ್ಟು ದಪ್ಪ ಆಗಿರಾದು. ಆಗ ಸೋಸ್ತಿದ್ದೋರು ಯಾರ್ಲಾ? ಈಗ ಅವ್ರು ಊರಿಗೆಲ್ಲ ಒಂದೇ ಬಚ್ಚಲು ಮಾಡ್ಕಂಡವ್ರೆ. ಅಷ್ಟೇಯ. ಬಾಳೆಗೆ ಬುಡು."

ಬೀಗರು ಬಾಟಲಿಯನ್ನು ಜಗಲಿಯ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಮೇಷ್ಟ್ರೇ, ಬಚ್ಚಲ ನೀರು ಅಂತ ಬರೆಯೋಕೆ ನಿಮ್ಗೆ ಏನ್ರೀ ರೋಗ?" ಎಂದರು. ಇಂಜಿನಿಯರಮ್ಮ ಸದ್ದಿಲ್ಲದೆ ಪೆನ್ನು ತೆಗೆದುಕೊಟ್ಟರು. ಬೀಗರು ಅಲ್ಲೇ ರುಜು ಹಾಕಿದರು. ಹಿಂದಿನ ತೋಟದವರು ಸಂಜೆಯೊಳಗೆ ಹಾಕಿದರು.

ಈಗ ಬೀಗರು ಬಾಳೆಗೊನೆ ಕಡಿದಾಗಲೆಲ್ಲ ಎರಡು ಚಿಪ್ಪು ಬಸ್ಸಿನಲ್ಲಿ ಕಳಿಸಿ, "ನೀವು ಮಿಂದ ನೀರಿಂದು, ನೀವೇ ತಿನ್ನಿ" ಎಂದು ಫೋನ್ ಮಾಡುತ್ತಾರೆ. ಹಣ್ಣು ರುಚಿಯಾಗಿದೆ, ಹಾಗೆಂದು ಅವರಿಗೆ ಇನ್ನೂ ಹೇಳಿಲ್ಲ. ಎರಡೂ ಊರಿನ ಕಾಗದಪತ್ರಗಳಲ್ಲಿ ಕೊಳವೆಗೆ ಏನೋ ಉದ್ದನೆಯ ಹೆಸರಿದೆಯಂತೆ. ಜನ ಬಚ್ಚಲ ಲೈನು ಎನ್ನುತ್ತಾರೆ. ಮಗಳ ಬೀದಿಗೆ ದಿನ ಬಿಟ್ಟು ದಿನ ನೀರು ಬರುತ್ತದೆ. ತೋಟದ ಎದುರಿನಿಂದ ಕಿತ್ತ ನನ್ನ ತಗಡಿನ ಬೋರ್ಡನ್ನು ಅವಳು ನೀರಿನ ತೊಟ್ಟಿಗೆ ಮುಚ್ಚಳ ಮಾಡಿದ್ದಾಳೆ. ಅಕ್ಷರಗಳು ಕೆಳಮುಖವಾಗಿವೆ.