ಚಟ್ನಿ ಅರೆಯುವ ಬ್ಯಾಟರಿಗಳು

ಕೊಪ್ಪಳ ಜಿಲ್ಲೆಯಲ್ಲೇ ಅತಿ ಸುರಕ್ಷಿತ ವಾಹನ ನನ್ನ ಸೋದರಮಾವನದು. ಯಾಕೆಂದರೆ ಅದು ಎಲ್ಲಿಗೂ ಹೋಗುವುದೇ ಇಲ್ಲ!

ಹಳೆಯ ಟೆಂಪೋದೊಳಗೆ ಮಂಚ, ಫ್ಯಾನು, ಇನ್ವರ್ಟರು, ಸೀಟಿನಡಿ ನಾಲ್ಕು ಬ್ಯಾಟರಿ ಕೂಡಿಸಿ ಕುಷ್ಟಗಿಯ ಮನೆ ಮುಂದೆ ನಿಲ್ಲಿಸಿದ್ದಾನೆ. ಅತ್ತೆಗೆ ಉಸಿರಿನ ತೊಂದರೆ. ಗೋಡೆಯ ಪ್ಲಗ್ಗಿಗೆ ಹಚ್ಚಿದ ಆಕ್ಸಿಜನ್ ಮಷೀನು ಬಿಟ್ಟು ಕದಲುವಂತಿಲ್ಲ. ಮರಳಿ ಎಂಬ ತನ್ನ ತವರೂರಿನಲ್ಲಿ ಭತ್ತ ಹಸಿರಾಗಿ ನಿಂತದ್ದನ್ನು ಇನ್ನೊಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ. ಗಾಡಿ ಮಾಡಿಸಿದ್ದೇ ಅದಕ್ಕೆ. ಭತ್ತ ಬೆಳೆಯಿತು, ಕೊಯ್ಲಾಯಿತು, ಮತ್ತೆ ನಾಟಿಯೂ ಆಯಿತು. ಗಾಡಿ ಅಲ್ಲೇ!

ಅಡ್ಡಿ ಏನು? ಟೆಸ್ಟಿಂಗ್!

ಬೆಳಗಾದರೆ ಬ್ಯಾಟರಿಗಳ ಮುಚ್ಚಳ ಬಿಚ್ಚಿ, ಗಾಜಿನ ನಳಿಕೆಯಲ್ಲಿ ಆಸಿಡ್ ಹೀರಿ, ಒಳಗೆ ತೇಲುವ ಕಡ್ಡಿ ಎಲ್ಲಿಗೆ ಏರಿತೆಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಹಾಲಿನವನ ಮೇಲೂ ಯಾರೂ ಇಷ್ಟು ಅನುಮಾನಪಟ್ಟಿರಲಾರರು. "ನಾಕರಾಗ ಒಂದು ಸೋಮಾರಿ ಇದ್ರ ಸಾಕು, ಉಳಿದ ಮೂರನ್ನೂ ಹಾಳು ಮಾಡತೈತಿ," ಎಂದವನು ನನ್ನನ್ನೇ ಯಾಕೆ ನೋಡಬೇಕು? ನಮ್ಮ ಮನೆಯಲ್ಲಿ ನಾವೂ ನಾಲ್ಕೇ ಜನ!

ಆಮೇಲೆ ಬ್ಯಾಟರಿಗೆ ಭಾರ ಹೊರಿಸುವ ಪರೀಕ್ಷೆ. ಫ್ಯಾನು ತಿರುಗುತ್ತಿರುವಾಗಲೇ ಮಿಕ್ಸರಿನಲ್ಲಿ ಶೇಂಗಾ ಚಟ್ನಿ! ಅಳವಂಡಿಯ ಬೀಗರಿಗೆ ಚಟ್ನಿ, ಓಣಿಗೆಲ್ಲ ಚಟ್ನಿ, ಕರೆಂಟ್ ಬಿಲ್ ತಂದವನಿಗೂ ಚಟ್ನಿ. ಕೊನೆಗೆ ಅದೇ ಮಾತು: "ಇನ್ನೊಂದ್ ಸಲ ನೋಡೂಣು."

ಮೊನ್ನೆ ನಾನು ಸಿಡಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದವಳು, ಒಂದು ಮಿಕ್ಸರಿಗೆ ಸೋಲುವುದೇ?

"ಮಾಮಾ, ಅತ್ತೀಗೆ ಬೇಕಾಗಿದ್ದು ಗಾಳಿನೋ, ಚಟ್ನಿನೋ? ಮಷೀನ್ ನಡೀತೈತೋ ಇಲ್ಲೋ ನೋಡಾಕ ಮಷೀನ್ನೇ ಹಚ್ಚಬೇಕು! ಶೇಂಗಾ ಅರದ್ರ ಅದೊಂದು ಸಾಕ್ಷಿ ಏನು?"

ಅವನು ಮಿಕ್ಸರ್ ಆರಿಸಿದ.

"ಹಚ್ಚಿದ್ದೆ ಯವ್ವಾ, ಮದಲನೇ ದಿನಾನ. ಆಕಿನ್ನ ಗಾಡ್ಯಾಗ ಕುಂದ್ರಿಸಿ ಹಚ್ಚಿದೆ. ನಡುವ ಗಪ್ಪನ ನಿಂತುಬಿಡ್ತು. ಮನ್ಯಾಗ ಕರ್ಕೊಂಡು ಬಂದು ಪ್ಲಗ್ಗಿಗೆ ಹಚ್ಚೂತನಕ ನನ್ನ ಕೈ ಬಿಡಲಿಲ್ಲ ಆಕಿ." ಜಾರಿನ ಅಂಚಿಗೆ ಅಂಟಿದ ಚಟ್ನಿಯನ್ನು ಬೆರಳಿನಿಂದ ಒರೆಸಿದ. "ಚಟ್ನಿ ನಡುವ ನಿಂತ್ರ ಯಾರೂ ಅಂಜೂದಿಲ್ಲ."

ಒಳಗಿನಿಂದ ಅತ್ತೆಯ ದನಿ: "ಏನಂತಾಳ ಆಕಿ?"

"ಚಟ್ನಿ ಇನ್ನೂ ಸಣ್ಣಗಾಗಬೇಕಂತ!"

ನನ್ನ ಸಿಟ್ಟು ಇಳಿಯಿತು ಅಂತಲ್ಲ. ಯಾರ ಮೇಲೆ ಅನ್ನುವುದು ಮಾತ್ರ ತಿಳಿಯದಾಯಿತು. ಗಾಡಿಯ ಮೆಟ್ಟಿಲ ಮೇಲೆ ಕೂತು, ನಾಳೆಯ ಟೆಸ್ಟಿಂಗಿಗೆ ಶೇಂಗಾ ಸುಲಿಯತೊಡಗಿದೆ.