ಭಟ್ಟಿ ಹತ್ತವಲ್ದು, ಬರ್ರಿ ಮಿಸ್ತ್ರಿ

ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಕಂಬಾರರಿಗೆ ಕಬ್ಬಿಣ ಕಾಯಿಸುವ ಗ್ಯಾಸ್ ಭಟ್ಟಿ ಮಾಡಿಕೊಡುತ್ತೇನೆ. ಕೆಟ್ಟರೆ ಹೋಗಿ ರಿಪೇರಿಯನ್ನೂ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದೇ. ಭಟ್ಟಿಯೊಳಗೆ ಕೆಡುವ ಜಾಗ ನಾಲ್ಕೋ ಐದೋ. ಉಳಿದದ್ದೆಲ್ಲ ಭಟ್ಟಿಯ ಸುತ್ತಮುತ್ತ ಕೆಡುತ್ತದೆ, ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಉಲ್ಟಾ ಆಟೆ

ನಮ್ಮ ಎಂಐಡಿಸಿಯಲ್ಲೇ ಒಬ್ಬರು ಕಾರ್ಖಾನೆ ಮಾಲೀಕರಿದ್ದಾರೆ. ಹರೆಯದಲ್ಲಿ ಕುಸ್ತಿ ಹಿಡಿದವರು. ಈಗಲೂ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತದೆ. ಒಂದು ದಿನ ರೆಗ್ಯುಲೇಟರ್ ಬದಲಿಸಲು ಬೆಳಗಿನಿಂದ ನಟ್ಟು ಬಿಚ್ಚುತ್ತಿದ್ದಾರೆ, ಅದು ಜಪ್ಪಯ್ಯ ಅನ್ನುತ್ತಿಲ್ಲ. ನಟ್ಟು ತಿರುಗಿಸುವ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದದ್ದೂ ಆಗಿದೆ. ನಾನು ಹೋಗಿ ನೋಡಿದೆ. ಗ್ಯಾಸಿನ ನಟ್ಟಿಗೆ ಆಟೆ, ಅಂದರೆ ಥ್ರೆಡ್ಡು, ಉಲ್ಟಾ ಇರುತ್ತದೆ. ಬೇರೆ ನಟ್ಟುಗಳನ್ನು ಬಿಚ್ಚುವ ಕಡೆಗೆ ತಿರುಗಿಸಿದರೆ ಇದು ಇನ್ನಷ್ಟು ಕೂರುತ್ತದೆ. "ಯಜಮಾನ್ರ, ಮುಂಜಾನಿಂದ ನೀವು ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತೀರಿ" ಎಂದೆ. ಸರಿಯಾದ ಕಡೆಗೆ ನಾನು ತಿರುಗಿಸಲು ಹೋದರೆ ಅಲ್ಲಾಡಬೇಕಲ್ಲ! ಕೊನೆಗೆ ಅವರೇ ಅಂಗಿ ಕಳಚಿ ಇಳಿದರು. ಅರ್ಧ ತಾಸು ಹಿಡಿಯಿತು. ಬೆವರು ಒರೆಸಿಕೊಳ್ಳುತ್ತ ಅಂದರು: "ಇಷ್ಟ ವರ್ಷದಾಗ ನನಗ ಬರೋಬರ್ ಜೋಡಿ ಸಿಕ್ಕಿದ್ದಿಲ್ಲ ಮಿಸ್ತ್ರಿ. ಇವತ್ತ ನಾನಽ ಸಿಕ್ಕೆ."

ತಣ್ಣನೆ ಸಿಲಿಂಡರ್

ನಂದೇಶ್ವರದ ಕಂಬಾರರೊಬ್ಬರ ತಕರಾರೇನೆಂದರೆ, ಭಟ್ಟಿ ಅರ್ಧ ತಾಸು ಜೋರಾಗಿ ಉರಿದು ಆಮೇಲೆ ಮಂಕಾಗುತ್ತದೆ. ಇದು ಹಳೆಯ ರೋಗ. ಗ್ಯಾಸು ಹೆಚ್ಚು ಎಳೆದರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಸಿಲಿಂಡರನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸಿರಿ ಎಂದು ಹೇಳಿ ಬಂದೆ.

ಎಂಟು ದಿನಕ್ಕೆ ಮತ್ತೆ ಫೋನು. ಹೋದೆ. ಟಬ್ಬಿತ್ತು, ನೀರಿರಲಿಲ್ಲ. ನೀರಿನ ಜಾಗದಲ್ಲಿ, ಸಿಲಿಂಡರಿಗೆ ಒತ್ತಿಕೊಂಡು, ಮಜ್ಜಿಗೆಯ ಎರಡು ಚರಿಗೆ. ಮೇಲೊಂದು ಒದ್ದೆ ಬಟ್ಟೆ. ಇದು ಕಂಬಾರರ ತಾಯಿಯ ವ್ಯವಸ್ಥೆ. ಮಗ ದಿನಾ ಬೆಚ್ಚನೆ ನೀರು ಹಾಕುತ್ತಿದ್ದರಂತೆ, ತಾಯಿ ಹಿಂದೆಯೇ ಬಂದು ಮಜ್ಜಿಗೆ ಹುಳಿಯಾಗುತ್ತದೆಂದು ಚೆಲ್ಲುತ್ತಿದ್ದರಂತೆ. ನನಗೂ ಒಂದು ಲೋಟ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಅಂಥ ತಂಪು ಮಜ್ಜಿಗೆಯನ್ನು ನಾನು ಬೇರೆಲ್ಲೂ ಕುಡಿದಿಲ್ಲ. ಜಗಳ ಬೇಡವೆಂದು, ಎರಡು ಸಿಲಿಂಡರ್ ಜೋಡಿಸಿದರೆ ಒಂದೊಂದರ ಮೇಲೆ ಭಾರ ಕಡಿಮೆ ಎಂದು ಮಗನಿಗೆ ಹೇಳಿದೆ. ತಾಯಿಗೆ ಬಹಳ ಖುಷಿಯಾಯಿತು.

"ಆಗಲಿ ತಮ್ಮಾ, ಎರಡ ತರಸೂನು. ಒಂದು ಮಜ್ಜಿಗಿಗಿ ಆತು, ಇನ್ನೊಂದಕ್ಕ ಹಾಲ ಇಡತೀನಿ."

ಎದೆಮಟ್ಟದ ಜ್ವಾಳಾ

ನಾನು ಕೆಲಸ ಕಲಿತದ್ದು ಮರಾಠಿಯಲ್ಲಿ. ಹಾಗಾಗಿ ಬೆಂಕಿಯ ಉರಿಗೆ ನನ್ನ ಬಾಯಲ್ಲಿ ಬರುವ ಮಾತು 'ಜ್ವಾಳಾ'. ಅಕ್ಕಲಕೋಟ ಕಡೆಯ ಒಬ್ಬ ಕಂಬಾರನಿಗೆ ಹೊಸ ಭಟ್ಟಿ ಕೊಟ್ಟಿದ್ದೆ. ಹೇಗೆ ನಡೆದಿದೆಯೋ ಕೇಳೋಣವೆಂದು ಫೋನು ಮಾಡಿ, ಜ್ವಾಳಾ ಹೇಗಿದೆ ಎಂದು ವಿಚಾರಿಸಿದೆ.

ಭಾರಿ ಚಲೋ ಇದೆ, ಎದೆಮಟ್ಟ ಬಂದಿದೆ ಎಂದ. ಬಣ್ಣ ಯಾವುದೆಂದು ಕೇಳಿದರೆ ಹಸಿರು ಎಂದ. ಎದೆಮಟ್ಟದ ಹಸಿರು ಉರಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮೊದಲು ಸಿಲಿಂಡರ್ ಬಂದ್ ಮಾಡು, ಮನೆಮಂದಿಯನ್ನೆಲ್ಲ ಹೊರಗೆ ಕಳಿಸು ಎಂದು ಕೂಗಿದೆ.

"ಎಲ್ಲಾರೂ ಹೊರಗಽ ಅದೀವ್ರಿ, ಹೊಲದಾಗ" ಎಂದ ಅವನು ನಿಧಾನವಾಗಿ. "ಜ್ವಾಳಕ್ಕ ಸಿಲಿಂಡರ್ ಯಾಕ್ರಿ? ಇನ್ನ ಹದಿನೈದ ದಿನಕ್ಕ ತೆನಿ ಬಲೀತಾವು, ಸೀತನಿ ಸುಟ್ಟ ಕೊಡತೀನಿ, ತಿನ್ನಾಕ ಬರ್ರಿ."

ಗೋಡೆಯ ಮೇಲಿನ ಫೋಟೋ

ವಾಗದರಿಯ ಹಿರಿಯ ಕಂಬಾರರೊಬ್ಬರು ಕುರಿ ಉಣ್ಣೆ ಕತ್ತರಿಸುವ ಕತ್ತರಿ ಮಾಡುವುದರಲ್ಲಿ ಹೆಸರಾದವರು. ಉಣ್ಣೆ ಕತ್ತರಿಸುವ ಕಾಲ ಬಂದಿತ್ತು, ಕುರಿಯವರು ದಿನಾ ಬಂದು ಕೂರುತ್ತಿದ್ದರು. ಭಟ್ಟಿ ಮಾತ್ರ ಹತ್ತಿಸಿದ ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಮೂರು ಸಲ ಹೋದೆ. ಮೂರು ಸಲವೂ ನನ್ನೆದುರು ಚೆನ್ನಾಗಿ ಉರಿಯಿತು, ನಾನು ಊರು ದಾಟುವುದರೊಳಗೆ ಆರಿತು. ಇನ್ನೊಮ್ಮೆ ಹೀಗಾದರೆ ಭಟ್ಟಿ ವಾಪಸ್ ಕೊಟ್ಟು ಇದ್ದಲಿಗೇ ಹೋಗುತ್ತೇನೆ ಎಂದರು. ಆಮೇಲೆ ಯೋಚಿಸಿ, ಅದು ನಿಮ್ಮ ಮುಖ ನೋಡಿದರೆ ಮಾತ್ರ ಉರಿಯುತ್ತದೆ, ನಿಮ್ಮ ಫೋಟೋ ಕಳಿಸಿರಿ ಎಂದರು. ಚೇಷ್ಟೆಯೆಂದುಕೊಂಡು ಮೊಬೈಲಿಗೆ ಕಳಿಸಿದೆ.

ನಾಲ್ಕನೆಯ ಸಲ ಹೋದಾಗ ಕನ್ನಡಕವನ್ನು ಅವರಲ್ಲೇ ಮರೆತು, ಅರ್ಧ ದಾರಿಯಿಂದ ತಿರುಗಿ ಹೋದೆ. ಆಗ ಕಳ್ಳ ಸಿಕ್ಕಿಬಿದ್ದ. ನಾನು ಬಂದಾಗಲೆಲ್ಲ, ಬೀಗರಿಗೆ ತಿರುಗಿಸಿದಂತೆ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಹೋದ ಕೂಡಲೇ ಭಟ್ಟಿಯ ಮುಂದೆ ನಿಲ್ಲುವ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಆ ಗಾಳಿ ನೇರ ಬರ್ನರಿಗೆ ಬಡಿದು ಉರಿ ಆರುತ್ತಿತ್ತು. ಫ್ಯಾನನ್ನು ಅಲ್ಲಿಂದ ಎತ್ತಿಸಿದೆ. ಅಂದಿನಿಂದ ಭಟ್ಟಿ ಒಮ್ಮೆಯೂ ಆರಿಲ್ಲ.

ಆದರೆ ಅಷ್ಟರಲ್ಲಿ ನನ್ನ ಫೋಟೋಕ್ಕೆ ಚೌಕಟ್ಟು ಬಂದು ಗೋಡೆ ಏರಿತ್ತು. ಕುಂಕುಮ, ಚೆಂಡುಹೂವಿನ ಮಾಲೆ, ಊದಿನಕಡ್ಡಿ. ತೆಗೆಯಿರಿ ಎಂದರೆ ಒಪ್ಪಲಿಲ್ಲ. ಉರಿಯುವ ಭಟ್ಟಿಗೆ ಯಾಕೆ ತೊಂದರೆ ಎಂದರು.

ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದೆ. ಅದೇ ಹೊತ್ತಿಗೆ ನನ್ನ ಗುರುತಿನ ಒಬ್ಬ ಕುರಿಯವನು ಕತ್ತರಿ ಒಯ್ಯಲು ಅಲ್ಲಿಗೆ ಹೋಗಿದ್ದಾನೆ. ಕಂಬಾರರು ಊಟಕ್ಕೆ ಹೋಗಿದ್ದಾರೆ. ಇವನು ಮಾಲೆ ಹಾಕಿದ ಫೋಟೋ ನೋಡಿ ಗಾಬರಿಯಾಗಿ, ಭಟ್ಟಿಯ ಮೇಲೆ ಬರೆದ ನನ್ನ ನಂಬರಿಗೆ ಫೋನು ಹಚ್ಚಿದ್ದಾನೆ. ಎತ್ತಿದ್ದು ನನ್ನ ಹೆಂಡತಿ.

"ಅಕ್ಕಾರ... ಮಿಸ್ತ್ರಿಯವ್ರು..." ಅಂದನಂತೆ.

"ಇಲ್ಲೇ ಮಲಗ್ಯಾರ್ರಿ" ಎಂದಳು ಇವಳು. "ಎಬ್ಬಸಲೇನು?"

"ಬ್ಯಾಡ್ರಿ ಅಕ್ಕಾರ, ಎಬ್ಬಸಬ್ಯಾಡ್ರಿ!" ಎಂದು ಫೋನು ಇಟ್ಟನಂತೆ.

ಸಂಜೆ ಎದ್ದು ಚಹಾ ಕುಡಿಯುವಾಗ ಹೆಂಡತಿ ಹೇಳಿದಳು: "ವಾಗದರಿ ಕಡಿ ಮಂದಿ ಭಾಳ ಒಳ್ಳೇರು ನೋಡ್ರಿ. ನಿಮ್ಮ ನಿದ್ದಿ ಕೆಡಬಾರದಂತ ಒಬ್ಬಾವ ನಡಗಿಕೋತ ಕೇಳ್ಕೊಂಡ."